ಸುಣ್ಣ ಬಳಿಸಿಕೊಳ್ಳದ ಕೆಂಪು ಮನೆ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಈ ಎರಡು ಸಾಹಸಗಳಿಗೂ ಒಂದೇ ವರ್ಷದಲ್ಲಿ ಕೈಹಾಕಿದ ತರುಣನೊಬ್ಬನು ಇಂಗ್ಲೆಂಡಿನಲ್ಲಿದ್ದನು. 1859ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ ಆತನ ವಿವಾಹವಾಯಿತು. ಅದೇ ವರ್ಷ ಆತನ ಮನೆಯ ಕೆಲಸವೂ ಆರಂಭವಾಯಿತು. ಆಗ ಆತನ ವಯಸ್ಸು 25. ನಕ್ಷೆ ಬರೆದುಕೊಟ್ಟ ಗೆಳೆಯನಿಗೆ 28. ಮನೆ ಕಟ್ಟಿಸುವವನಿಗೆ ಅದು ಮೊದಲನೆಯ ಮನೆ. ವಾಸ್ತುಶಿಲ್ಪಿಗೂ ಸ್ವತಂತ್ರವಾಗಿ ಅದೇ ಮೊದಲನೆಯ ಕಟ್ಟಡ. ಇಂತಹ ಇಬ್ಬರು ಅನನುಭವಿಗಳು ಸೇರಿ ಕಟ್ಟಿದ ಮನೆ ಮಾಡು ಸೋರದೆ ನಿಂತಿದ್ದರೆ ಅದೇ ದೊಡ್ಡದೆನ್ನಬೇಕು. ಆದರೆ ಅದು ಯೂರೋಪಿನ ಗೃಹನಿರ್ಮಾಣ ಕಲೆಯ ಇತಿಹಾಸದಲ್ಲಿಯೇ ಒಂದು ಮೈಲಿಗಲ್ಲಾಗಿ ನಿಂತಿತು.

ಆ ಮನೆಯ ಹೆಸರು ರೆಡ್ ಹೌಸ್, ಎಂದರೆ ಕೆಂಪು ಮನೆ. ಕಟ್ಟಿಸಿದವನು ವಿಲಿಯಂ ಮಾರಿಸ್. ಕಟ್ಟಿದವನು ಫಿಲಿಪ್ ವೆಬ್. ಲಂಡನ್ ಮಹಾನಗರದ ಆಗ್ನೇಯ ಅಂಚಿನಲ್ಲಿರುವ ಬೆಕ್ಸ್‌ಲಿಹೀತ್ ಇಂದು ಸಾಲು ಮನೆಗಳಿಂದ ಕಿಕ್ಕಿರಿದ ಬಡಾವಣೆ. ಆ ಸಾಲುಗಳ ನಡುವೆ ಎತ್ತರವಾದ ಇಟ್ಟಿಗೆಯ ಪ್ರಾಕಾರದ ಗೋಡೆ, ಅದರಾಚೆಗೆ ಮರಗಳು, ಮರಗಳ ನಡುವೆ ಕಡಿದಾದ ಕೆಂಪು ಹೆಂಚಿನ ಮಾಡು. ಅಮೃತಶಿಲೆಯ ಕಂಬಗಳಾಗಲಿ, ಕೆತ್ತನೆಯ ಕಲ್ಲಿನ ದ್ವಾರವಾಗಲಿ ಅಲ್ಲಿಲ್ಲ. ಇರುವುದೆಲ್ಲ ಬರಿಯ ಇಟ್ಟಿಗೆ. ಆ ಬರಿಯ ಇಟ್ಟಿಗೆಯೇ ಅಂದಿನವರಿಗೆ ಆಶ್ಚರ್ಯದ ವಿಷಯವಾಗಿತ್ತೆಂಬುದನ್ನು ತಿಳಿಯಬೇಕಾದರೆ ಇಂಗ್ಲೆಂಡಿನಲ್ಲಿ ಇಟ್ಟಿಗೆಯು ಪಟ್ಟ ಪಾಡನ್ನು ಸ್ವಲ್ಪ ಅರಿಯಬೇಕು.

ಇಟ್ಟಿಗೆಗೆ ಬಂದ ಅವಮಾನ

ಇಂಗ್ಲೆಂಡಿಗೆ ಇಟ್ಟಿಗೆಯನ್ನು ತಂದವರು ರೋಮನರು. ಅವರು ಹೊರಟುಹೋದ ಮೇಲೆ ಇಟ್ಟಿಗೆ ಸುಡುವ ವಿದ್ಯೆಯೂ ಬಹುಮಟ್ಟಿಗೆ ಮರೆಯಾಯಿತು. ಶತಮಾನಗಳ ಕಾಲ ಅಲ್ಲಿಯ ಜನರು ರೋಮನರ ಹಾಳು ಗೋಡೆಗಳಿಂದಲೇ ಇಟ್ಟಿಗೆಗಳನ್ನು ಕಿತ್ತು ತಂದು ಚರ್ಚುಗಳನ್ನು ಕಟ್ಟಿಕೊಂಡದ್ದುಂಟು. ಹದಿಮೂರನೆಯ ಶತಮಾನದ ಹೊತ್ತಿಗೆ, ಸಮುದ್ರದಾಚೆಯ ನೆದರ್ಲೆಂಡ್ಸ್ ಸೀಮೆಯ ಸಂಪರ್ಕದಿಂದ, ಈ ವಿದ್ಯೆಯು ಪೂರ್ವ ಇಂಗ್ಲೆಂಡಿನಲ್ಲಿ ಮತ್ತೆ ಚಿಗುರಿತು. ಕಲ್ಲು ದೊರೆಯದ ಆ ಜೇಡಿಮಣ್ಣಿನ ನಾಡಿಗೆ ಇಟ್ಟಿಗೆಯು ವರವಾಗಿ ಬಂದಿತು. ಹದಿನೈದನೆಯ ಶತಮಾನದಲ್ಲಿ ಶ್ರೀಮಂತರು ಇಟ್ಟಿಗೆಯ ಕೋಟೆಮನೆಗಳನ್ನೇ ಕಟ್ಟಿಸಿದರು. 1515ರಲ್ಲಿ ಕಾರ್ಡಿನಲ್ ವುಲ್ಸಿಯು ಥೇಮ್ಸ್ ನದಿಯ ದಂಡೆಯಲ್ಲಿ ಹ್ಯಾಂಪ್ಟನ್ ಕೋರ್ಟ್ ಅರಮನೆಯನ್ನು ಆರಂಭಿಸಿದಾಗ, ಕೆಂಪು ಇಟ್ಟಿಗೆಯು ವೈಭವದ ಗುರುತೇ ಆಗಿತ್ತು. 1666ರ ಮಹಾ ಅಗ್ನಿ ಅನಾಹುತದಲ್ಲಿ ಲಂಡನ್ನಿನ ಮರದ ಮನೆಗಳು ಸುಟ್ಟು ಬೂದಿಯಾದ ಮೇಲೆ, ಹೊಸ ಮನೆಗಳ ಹೊರಗೋಡೆಗಳು ಇಟ್ಟಿಗೆ ಅಥವಾ ಕಲ್ಲಿನವೇ ಆಗಿರಬೇಕೆಂದು ಕಾನೂನೇ ಆಯಿತು.

ಆದರೆ ಹದಿನೆಂಟನೆಯ ಶತಮಾನದಲ್ಲಿ ಅಭಿರುಚಿ ಬದಲಾಯಿತು. ಇಟಲಿ, ಗ್ರೀಸ್ ದೇಶಗಳ ಬಿಳಿಯ ಶಿಲಾಮಂದಿರಗಳನ್ನು ಕಂಡು ಬಂದವರ ಕಣ್ಣಿಗೆ ಕೆಂಪು ಇಟ್ಟಿಗೆಯು ಒರಟಾಗಿ ತೋರಿತು. ಐಸಾಕ್ ವೇರ್ ಎಂಬ ವಾಸ್ತುಶಿಲ್ಪಿಯು 1756ರಲ್ಲಿ ಪ್ರಕಟಿಸಿದ ತನ್ನ ಬೃಹದ್ಗ್ರಂಥದಲ್ಲಿ, ಕೆಂಪು ಇಟ್ಟಿಗೆಯ ಬಣ್ಣವು ಬೆಂಕಿಯಂತಿದ್ದು ಕಣ್ಣಿಗೆ ಹಿತವಲ್ಲವೆಂದು ದೂರಿದನು. 1784ರಲ್ಲಿ ಸರಕಾರವೂ ಇಟ್ಟಿಗೆಯ ಮೇಲೆ ಕಣ್ಣು ಹಾಕಿತು. ಅಮೆರಿಕದ ಯುದ್ಧದ ಖರ್ಚಿನಿಂದ ಬರಿದಾಗಿದ್ದ ಬೊಕ್ಕಸವನ್ನು ತುಂಬಲು ಸಾವಿರ ಇಟ್ಟಿಗೆಗೆ 2 ಷಿಲಿಂಗ್ 6 ಪೆನ್ಸಿನಂತೆ ತೆರಿಗೆ ವಿಧಿಸಿತು. ತೆರಿಗೆ ಎಣಿಕೆಯ ಮೇಲೆ ತಾನೆ? ಜಾಣರು ಇಟ್ಟಿಗೆಯ ಗಾತ್ರವನ್ನೇ ಹಿಗ್ಗಿಸಿದರು. ಆಗ ಸರಕಾರವು ದೊಡ್ಡ ಇಟ್ಟಿಗೆಗೆ ಹೆಚ್ಚು ತೆರಿಗೆ ಹಾಕಿತು. ಈ ಕಣ್ಣುಮುಚ್ಚಾಲೆ 1850ರವರೆಗೂ ನಡೆದು, ಆ ವರ್ಷ ತೆರಿಗೆ ರದ್ದಾಯಿತು.

ಅಷ್ಟರಲ್ಲಿ ಲಂಡನ್ನಿನ ಶ್ರೀಮಂತ ಬೀದಿಗಳು ಬೆಳ್ಳಗಾಗಿದ್ದವು. ಜಾನ್ ನ್ಯಾಷ್ ಎಂಬ ಪ್ರಸಿದ್ಧ ವಾಸ್ತುಶಿಲ್ಪಿಯು ರೀಜೆಂಟ್ಸ್ ಪಾರ್ಕಿನ ಸುತ್ತ 1820ರ ದಶಕದಲ್ಲಿ ಕಟ್ಟಿಸಿದ ಸಾಲುಸೌಧಗಳ ಗೋಡೆಗಳು ಇಟ್ಟಿಗೆಯವೇ. ಆದರೆ ಅವುಗಳ ಮೇಲೆ ದಪ್ಪನಾಗಿ ಗಾರೆ ಬಳಿದು, ಹಸಿಯಾಗಿರುವಾಗಲೇ ಗೆರೆ ಕೊರೆದು, ಬಣ್ಣ ಹಚ್ಚಿ, ಕಲ್ಲಿನ ದಿಮ್ಮಿಗಳಂತೆ ಕಾಣುವ ಹಾಗೆ ಮಾಡಿದ್ದರು. ಇಟ್ಟಿಗೆಯನ್ನು ಮರೆಮಾಡುವುದು ಮರ್ಯಾದಸ್ಥರ ಲಕ್ಷಣವಾಯಿತು. ಬರಿಯ ಕೆಂಪು ಇಟ್ಟಿಗೆ ಕಾರ್ಖಾನೆಗೆ ಸರಿ, ಕುದುರೆಲಾಯಕ್ಕೆ ಸರಿ, ಹಳ್ಳಿಯ ರೈತನ ಮನೆಗೆ ಸರಿ. ವರ್ಷಕ್ಕೆ ನೂರಾರು ಪೌಂಡುಗಳ ವರಮಾನವುಳ್ಳ ಸಂಭಾವಿತನು ವಾಸಿಸುವ ಮನೆಗೆ ಅದು ತಕ್ಕುದಲ್ಲವೆಂಬ ಭಾವನೆ ಬೇರೂರಿತ್ತು.

ನದಿಯ ಮೇಲೆ ಹುಟ್ಟಿದ ನಕ್ಷೆ

ವಿಲಿಯಂ ಮಾರಿಸ್ ಅಂತಹ ವರಮಾನವುಳ್ಳ ಸಂಭಾವಿತ ಮನೆತನದವನೇ. 1834ರಲ್ಲಿ ಲಂಡನ್ನಿನ ಸಮೀಪದ ವಾಲ್ತಮ್‌ಸ್ಟೋ ಎಂಬಲ್ಲಿ ಜನಿಸಿದ ಆತನಿಗೆ, ತಂದೆಯು ಡೆವನ್ ಪ್ರಾಂತದ ತಾಮ್ರದ ಗಣಿಯಲ್ಲಿ ತೊಡಗಿಸಿದ್ದ ಷೇರುಗಳಿಂದ ವರ್ಷಕ್ಕೆ ಸುಮಾರು 900 ಪೌಂಡು ಬರುತ್ತಿತ್ತು. ಪಾದ್ರಿಯಾಗಬೇಕೆಂದು ಆಕ್ಸ್‌ಫರ್ಡಿಗೆ ಹೋದ ತರುಣನು ಅಲ್ಲಿ ಎಡ್ವರ್ಡ್ ಬರ್ನ್-ಜೋನ್ಸ್ ಎಂಬ ಸಹಪಾಠಿಯ ಗೆಳೆತನ ಬೆಳೆಸಿ, ಹಳೆಯ ಕಾವ್ಯಗಳ, ಹಳೆಯ ಚರ್ಚುಗಳ ಮೋಹಕ್ಕೆ ಬಿದ್ದು, ಕಲೆಯೇ ತನ್ನ ಧರ್ಮವೆಂದು ನಿಶ್ಚಯಿಸಿಕೊಂಡನು. 1856ರಲ್ಲಿ ಜಾರ್ಜ್ ಎಡ್ಮಂಡ್ ಸ್ಟ್ರೀಟ್ ಎಂಬ ವಾಸ್ತುಶಿಲ್ಪಿಯ ಕಛೇರಿಯಲ್ಲಿ ಕೆಲಸ ಕಲಿಯಲು ಸೇರಿದನು. ಅಲ್ಲಿ ಹಿರಿಯ ಸಹಾಯಕನಾಗಿದ್ದವನು ಫಿಲಿಪ್ ವೆಬ್. ಮಾರಿಸನು ಮಾತಿನ ಮಲ್ಲ, ಮುಂಗೋಪಿ, ಕ್ಷಣಕ್ಕೊಂದು ಉತ್ಸಾಹ. ವೆಬ್ ಮಿತಭಾಷಿ, ಕೆಲಸದಲ್ಲಿ ಕಟ್ಟುನಿಟ್ಟು, ಹೆಸರಿಗೆ ಆಶೆಪಡದವನು. ಮಾರಿಸನು ಕೆಲವೇ ತಿಂಗಳುಗಳಲ್ಲಿ ಆ ಕಛೇರಿಯನ್ನು ಬಿಟ್ಟು ಚಿತ್ರಕಲೆಯ ಬೆನ್ನುಹತ್ತಿದನು. ಆದರೆ ಅಲ್ಲಿ ಬೆಳೆದ ಸ್ನೇಹವು ಜೀವಮಾನದುದ್ದಕ್ಕೂ ಉಳಿಯಿತು.

1857ರಲ್ಲಿ ಆಕ್ಸ್‌ಫರ್ಡಿನ ಚರ್ಚಾಮಂದಿರದ ಗೋಡೆಗಳಿಗೆ ಚಿತ್ರ ಬರೆಯುವ ಕಾಲದಲ್ಲಿ ಮಾರಿಸನಿಗೆ ಜೇನ್ ಬರ್ಡನ್ ಎಂಬ ತರುಣಿಯ ಪರಿಚಯವಾಯಿತು. ಆಕೆ ಕುದುರೆಲಾಯದ ಆಳೊಬ್ಬನ ಮಗಳು. ಅಂತಸ್ತಿನ ಭೇದವನ್ನು ಲೆಕ್ಕಿಸದೆ ಆಕೆಯ ಕೈಹಿಡಿಯಲು ಆತ ನಿರ್ಧರಿಸಿದನು. ಇನ್ನು ಸಂಸಾರಕ್ಕೆ ಮನೆ ಬೇಕು. 1858ರ ಆಗಸ್ಟಿನಲ್ಲಿ ಮಾರಿಸ್, ವೆಬ್ ಮತ್ತು ಚಾರ್ಲ್ಸ್ ಫಾಕ್ನರ್ ಎಂಬ ಮೂವರು ಗೆಳೆಯರು ಫ್ರಾನ್ಸಿನ ಸೇನ್ ನದಿಯಲ್ಲಿ ದೋಣಿ ನಡೆಸುತ್ತ ಹಳೆಯ ಊರುಗಳನ್ನು ನೋಡಲು ಹೊರಟರು. ಆ ಪ್ರವಾಸದಲ್ಲಿಯೇ, ಕೈಯಲ್ಲಿದ್ದ ಪ್ರವಾಸದ ಕೈಪಿಡಿಯ ಭೂಪಟವೊಂದರ ಬೆನ್ನಮೇಲೆ, ವೆಬ್ ಮುಂದಿನ ಮನೆಯ ಮೊದಲ ಗೆರೆಗಳನ್ನೆಳೆದನು.

ಜಾಗ ಸಿಕ್ಕಿದ್ದು ಆಗ ಕೆಂಟ್ ಪ್ರಾಂತಕ್ಕೆ ಸೇರಿದ್ದ ಅಪ್ಟನ್ ಎಂಬ ಹಳ್ಳಿಯಲ್ಲಿ, ಸೇಬು ಮತ್ತು ಚೆರ್ರಿ ಮರಗಳ ತೋಟದ ನಡುವೆ. ಮಧ್ಯಯುಗದಲ್ಲಿ ಕ್ಯಾಂಟರ್ಬರಿಗೆ ಯಾತ್ರೆ ಹೋಗುತ್ತಿದ್ದವರು ಹಿಡಿಯುತ್ತಿದ್ದ ದಾರಿ ಅದರ ಹತ್ತಿರದಲ್ಲಿಯೇ ಹಾದುಹೋಗಿತ್ತು. ಕವಿ ಚಾಸರನ ಆರಾಧಕನಾದ ಮಾರಿಸನಿಗೆ ಇದಕ್ಕಿಂತ ಬೇರೆ ಯೋಗ್ಯತೆ ಬೇಕಿರಲಿಲ್ಲ. ಮನೆಯ ದ್ವಾರಮಂಟಪವೊಂದಕ್ಕೆ ಆತನು “ಯಾತ್ರಿಕರ ವಿಶ್ರಾಂತಿ” ಎಂಬ ಅರ್ಥದ ಹೆಸರನ್ನೇ ಇಟ್ಟನು.

ಒಳಗಿನಿಂದ ಹೊರಕ್ಕೆ

ಅಂದಿನ ಪದ್ಧತಿಯಲ್ಲಿ ಸಿರಿವಂತರ ಮನೆಯ ಮುಖಕ್ಕೆ ಮೊದಲ ಸ್ಥಾನ. ನಡುವೆ ಬಾಗಿಲು, ಎಡಕ್ಕೆ ಮೂರು ಕಿಟಕಿಗಳಿದ್ದರೆ ಬಲಕ್ಕೂ ಮೂರು, ಮೇಲೆಯೂ ಅಷ್ಟೇ. ಮುಖದ ಅಂದಕ್ಕೆ ತಕ್ಕಂತೆ ಒಳಗಿನ ಕೋಣೆಗಳು ಕುಗ್ಗಬೇಕು ಇಲ್ಲವೆ ಹಿಗ್ಗಬೇಕು. ವೆಬ್ ಈ ಕ್ರಮವನ್ನು ತಿರುವುಮುರುವು ಮಾಡಿದನು. ಮೊದಲು ಕೋಣೆ, ಆ ಕೋಣೆಯಲ್ಲಿ ನಡೆಯುವ ಕೆಲಸ, ಆ ಕೆಲಸಕ್ಕೆ ಬೇಕಾದ ಬೆಳಕು, ಆ ಬೆಳಕಿಗೆ ತಕ್ಕ ಕಿಟಕಿ. ಆದುದರಿಂದಲೇ ಈ ಮನೆಯ ಕಿಟಕಿಗಳಲ್ಲಿ ಕೆಲವು ಎತ್ತರ, ಕೆಲವು ಗಿಡ್ಡ, ಕೆಲವು ಗೋಡೆಯಲ್ಲಿ ಕಣ್ಣು ತೆರೆದಂತೆ ದುಂಡಗೆ. ಹೊರಗೆ ನಿಂತು ನೋಡಿದವನಿಗೆ ಒಳಗೆ ಎಲ್ಲಿ ಮೆಟ್ಟಲಿದೆ, ಎಲ್ಲಿ ಓಣಿಯಿದೆ, ಎಲ್ಲಿ ದೊಡ್ಡ ಕೋಣೆಯಿದೆ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ಎರಡು ಅಂತಸ್ತಿನ ಈ ಮನೆಯ ಆಕಾರ ಇಂಗ್ಲಿಷಿನ ‘ಎಲ್’ ಅಕ್ಷರದಂತೆ. ಎರಡು ತೋಳುಗಳು ಕೂಡುವ ಮೂಲೆಯಲ್ಲಿ ಮೆಟ್ಟಲಿನ ಗೋಪುರ ಮೇಲೆದ್ದು, ತುದಿಯಲ್ಲಿ ಮಾರಿಸನ ಹೆಸರಿನ ಮೊದಲಕ್ಷರಗಳನ್ನೂ 1859 ಎಂಬ ವರ್ಷವನ್ನೂ ಹೊತ್ತ ಗಾಳಿಪಟ್ಟಿಯು ತಿರುಗುತ್ತದೆ. ತೋಳುಗಳ ನಡುವಣ ಅಂಗಳದಲ್ಲಿ ಒಂದು ಬಾವಿ. ಅದಕ್ಕೆ ಇಟ್ಟಿಗೆಯ ಕಟ್ಟೆ, ಮರದ ಕಂಬಗಳು, ಅವುಗಳ ಮೇಲೆ ಮಾಟಗಾತಿಯ ಟೊಪ್ಪಿಗೆಯಂತೆ ಚೂಪಾದ ಹೆಂಚಿನ ಮಾಡು. ಮನೆಯ ಚಿತ್ರವನ್ನು ನೋಡಿದವರ ನೆನಪಿನಲ್ಲಿ ಮೊದಲು ನಿಲ್ಲುವುದು ಈ ಬಾವಿಯೇ.

ಇಟ್ಟಿಗೆಯ ಕೆಂಪು ಬಣ್ಣ ಬಳಿದು ಬಂದದ್ದಲ್ಲ. ಜೇಡಿಮಣ್ಣಿನಲ್ಲಿರುವ ಕಬ್ಬಿಣದ ಅಂಶವು ಗೂಡಿನ ಉರಿಯಲ್ಲಿ ಗಾಳಿಯೊಡನೆ ಬೆರೆತು ಕೆಂಪಾಗುತ್ತದೆ. ಉರಿ ಹೆಚ್ಚು ತಾಗಿದ ಇಟ್ಟಿಗೆ ಕಪ್ಪಿಗೆ ತಿರುಗುತ್ತದೆ, ಕಡಿಮೆ ತಾಗಿದ್ದು ಕಿತ್ತಳೆಗೆ. ಹೀಗಾಗಿ ಹತ್ತಿರದಿಂದ ನೋಡಿದಾಗ ಇಟ್ಟಿಗೆಯ ಗೋಡೆ ಒಂದೇ ಬಣ್ಣದ್ದಾಗಿರುವುದಿಲ್ಲ. ಗಾರೆ ಬಳಿದರೆ ಈ ಸೊಗಸೆಲ್ಲ ಮುಚ್ಚಿಹೋಗುತ್ತದೆ. ವೆಬ್ ಅದನ್ನು ಮುಚ್ಚಲಿಲ್ಲ. ಕಲ್ಲಿನ ಅಂಚುಕಟ್ಟನ್ನೂ ಕೇಳಲಿಲ್ಲ. ಕಿಟಕಿಗಳ ಮೇಲೆ ಚೂಪಾದ ಕಮಾನುಗಳನ್ನು ಇಟ್ಟಿಗೆಯಲ್ಲಿಯೇ ಕಟ್ಟಿಸಿದನು. ಅವು ಬರಿಯ ಅಲಂಕಾರವಲ್ಲ. ಮೇಲಿನ ಗೋಡೆಯ ಭಾರ ನೇರವಾಗಿ ಕಿಟಕಿಯ ಚೌಕಟ್ಟಿನ ಮೇಲೆ ಬೀಳದಂತೆ ತಡೆದು, ಎರಡು ಪಕ್ಕಗಳಿಗೆ ಹಂಚುವುದು ಆ ಕಮಾನಿನ ಕೆಲಸ. ಕಮಾನು ಮಧ್ಯಯುಗದ ಚರ್ಚಿನದು. ಅದರ ಕೆಳಗಿನ ಕಿಟಕಿಯಾದರೋ ಮೇಲಕ್ಕೂ ಕೆಳಕ್ಕೂ ಜಾರುವ ಚೌಕಟ್ಟಿನದು, ಹದಿನೆಂಟನೆಯ ಶತಮಾನದ ಸಾಮಾನ್ಯ ಮನೆಗಳದು. ಎರಡು ಕಾಲಗಳ ಈ ಜೋಡಣೆಗೆ ಪಂಡಿತರು ಹುಬ್ಬುಗಂಟಿಕ್ಕಬಹುದಾಗಿತ್ತು. ಆದರೆ ಒಂದು ಭಾರ ಹೊರಲು ಒಳ್ಳೆಯದು, ಇನ್ನೊಂದು ಗಾಳಿ-ಬೆಳಕಿಗೆ ಒಳ್ಳೆಯದು. ವೆಬ್ಬನಿಗೆ ಅಷ್ಟು ಸಾಕಾಗಿತ್ತು.

ಮರಗಳನ್ನು ಆದಷ್ಟು ಕಡಿಯದೆ ಮನೆ ಎಬ್ಬಿಸಿದ್ದರಿಂದ ಕೊಂಬೆಗಳು ಗೋಡೆಗೆ ತಾಗುವಂತಿದ್ದವು. ಶರತ್ಕಾಲದ ಸೆಕೆಯ ರಾತ್ರಿಗಳಲ್ಲಿ ತೆರೆದಿಟ್ಟ ಕಿಟಕಿಗಳಿಂದ ಸೇಬಿನ ಹಣ್ಣುಗಳು ಕೋಣೆಯೊಳಕ್ಕೇ ಉರುಳುತ್ತಿದ್ದುವಂತೆ. ಜಾಗಕ್ಕೂ ಕಟ್ಟಡಕ್ಕೂ ಸೇರಿ ತಗುಲಿದ ವೆಚ್ಚ ಸುಮಾರು 4000 ಪೌಂಡು. 1860ರ ಬೇಸಗೆಯಲ್ಲಿ ದಂಪತಿಗಳು ಬಂದು ನೆಲಸಿದರು.

ಹೊಸ್ತಿಲು ದಾಟಿದರೆ

ಒಳಗೆ ಕಾಲಿಟ್ಟವರಿಗೆ ಎದುರಾಗುವುದು ವಿಶಾಲವಾದ ಹಜಾರ, ಅಲ್ಲಿಂದ ಮೇಲೇರುವ ಓಕ್ ಮರದ ಮೆಟ್ಟಲು. ಮೆಟ್ಟಲಿನ ಮೂಲೆಗಂಬಗಳು ಚರ್ಚಿನ ಶಿಖರಗಳಂತೆ ಮೇಲಕ್ಕೆ ಸಣ್ಣಗಾಗುತ್ತ ಹೋಗುತ್ತವೆ. ಮೆಟ್ಟಲಿನ ಅಡಿಭಾಗವನ್ನು ಹಲಗೆ ಹೊಡೆದು ಮುಚ್ಚಿಲ್ಲ. ಬಡಗಿಯ ಕೆಲಸ ಹೇಗಿದೆಯೋ ಹಾಗೆಯೇ ಕಾಣುತ್ತದೆ. ಮೇಲ್ಛಾವಣಿಯ ಗಿಲಾವು ಹಸಿಯಾಗಿರುವಾಗಲೇ ಚುಕ್ಕಿ ಚುಚ್ಚಿ ವಿನ್ಯಾಸ ಗುರುತಿಸಿ, ಆಮೇಲೆ ಬಣ್ಣ ತುಂಬಿದ್ದಾರೆ. ನಮ್ಮ ಹೆಣ್ಣುಮಕ್ಕಳು ಚುಕ್ಕಿಯಿಟ್ಟು ರಂಗೋಲಿ ಬಿಡಿಸುವುದನ್ನು ಕಂಡವರಿಗೆ ಆ ಛಾವಣಿಯ ಚಿತ್ತಾರ ಅಪರಿಚಿತವೆನಿಸದು.

ನೆಲಮಟ್ಟದಲ್ಲಿ ಊಟದ ಮನೆ, ಮಹಡಿಯಲ್ಲಿ ಗೆಳೆಯರೊಡನೆ ಕೂಡಿ ಕುಳಿತುಕೊಳ್ಳುವ ದೊಡ್ಡ ಕೋಣೆ. ಈ ಮಹಡಿಯ ಕೋಣೆಯೇ ಮನೆಯ ಹೃದಯ. ಅದರ ಅಗ್ಗಿಷ್ಟಿಕೆಯೂ ಇಟ್ಟಿಗೆಯದೇ. ಬೆಂಕಿಯ ಗೂಡಿನ ಮೇಲಿಂದ ಹೊರಟ ಕೆಂಪು ಇಟ್ಟಿಗೆಯ ಹೊದಿಕೆ ನೇರವಾಗಿ ಮಾಡಿನತ್ತ ಏರುತ್ತದೆ. ಕಲೆಯ ಆಯುಸ್ಸು ದೀರ್ಘ, ಮನುಷ್ಯನ ಆಯುಸ್ಸು ಅಲ್ಪ ಎಂಬ ಪ್ರಾಚೀನ ಲ್ಯಾಟಿನ್ ನಾಣ್ಣುಡಿಯನ್ನು ಅದರ ಮೇಲೆ ಬರೆಸಿದ್ದಾರೆ. ಇನ್ನೊಂದು ಗೋಡೆಗೆ ಆನಿಸಿ ಬೃಹತ್ತಾದ ಮರದ ಆಸನ-ಕಪಾಟು. ಅದರ ಪಕ್ಕದ ಏಣಿ ಹತ್ತಿದರೆ ವಾದ್ಯಗಾರರಿಗಾಗಿ ಮಾಡಿದ ಒಂದು ಅಟ್ಟ. ಗೋಡೆಗಳ ಮೇಲೆ ಬರ್ನ್-ಜೋನ್ಸ್ ಮಧ್ಯಯುಗದ ವೀರನೊಬ್ಬನ ಕಥೆಯನ್ನು ಏಳು ಚಿತ್ರಗಳಲ್ಲಿ ಬರೆಯಲು ಯೋಜಿಸಿ, ಮೂರನ್ನು ಮುಗಿಸಿದನು. ಮದುವೆಯ ಔತಣದ ಚಿತ್ರದಲ್ಲಿ ರಾಜನ ಮುಖ ಮಾರಿಸನದು, ರಾಣಿಯ ಮುಖ ಜೇನಳದು.

ಅಂಗಡಿಯಲ್ಲಿ ಸಿಗದ ಸಾಮಾನು

ಮನೆಯೇನೋ ಸಿದ್ಧವಾಯಿತು, ಅದರಲ್ಲಿ ಏನನ್ನು ಇಡುವುದು? ಲಂಡನ್ನಿನ ಅಂಗಡಿಗಳಲ್ಲಿ ಮಾರುತ್ತಿದ್ದ ಪೀಠೋಪಕರಣಗಳೂ ಪರದೆಗಳೂ ಮಾರಿಸನ ಕಣ್ಣಿಗೆ ಸಹಿಸಲಾರದಷ್ಟು ಕೃತಕವಾಗಿದ್ದವು. ಸುಣ್ಣ ಬಳಿಯದ ಗೋಡೆಗೆ ಹುಸಿ ಚಿನ್ನದ ಚೌಕಟ್ಟು ಒಪ್ಪೀತೆ? ಕೊನೆಗೆ ಗೆಳೆಯರೇ ಕೈಕೊಳೆ ಮಾಡಿಕೊಂಡರು. ಮೇಜು, ಮೇಣದಬತ್ತಿಯ ಕಂಬ, ಗಾಜಿನ ಲೋಟಗಳು, ಊಟದ ಮನೆಯ ಕೆಂಪು ಬಣ್ಣದ ತಟ್ಟೆ-ಕಪಾಟು, ಎಲ್ಲಕ್ಕೂ ವೆಬ್ಬನೇ ನಕ್ಷೆ ಮಾಡಿಕೊಟ್ಟನು. ಬರ್ನ್-ಜೋನ್ಸ್ ಕಿಟಕಿಯ ಬಣ್ಣದ ಗಾಜಿಗೆ ಚಿತ್ರ ಬರೆದನು. ಕವಿಯೂ ಚಿತ್ರಕಾರನೂ ಆದ ಡಾಂಟೆ ಗೇಬ್ರಿಯಲ್ ರೊಸೆಟ್ಟಿ ಕಪಾಟಿನ ಬಾಗಿಲುಗಳಿಗೆ ಚಿತ್ರ ಬರೆದುಕೊಟ್ಟನು. ಜೇನ್ ಲಂಡನ್ನಿನ ಅಂಗಡಿಯೊಂದರಲ್ಲಿ ಕಂಡ ಅಗ್ಗದ ನೀಲಿ ಉಣ್ಣೆಯ ಬಟ್ಟೆಯನ್ನು ತಂದಳು. ಗಂಡಹೆಂಡಿರು ಕೂಡಿ ಅದರ ಮೇಲೆ ಹೂಗೊಂಚಲುಗಳ ಕಸೂತಿ ಹಾಕಿ ಮಲಗುವ ಕೋಣೆಯ ಗೋಡೆಗೆ ತೂಗಿಬಿಟ್ಟರು. ಜೇನಳ ತಂಗಿ ಬೆಸ್ಸಿಯೂ ಸೂಜಿ ಹಿಡಿದಳು. ಬರ್ನ್-ಜೋನ್ಸನ ಪತ್ನಿ ಜಾರ್ಜಿಯಾನಾ, ರೊಸೆಟ್ಟಿಯ ಪತ್ನಿ ಎಲಿಜಬೆತ್ ಸಿಡಾಲ್, ಬಂದ ಅತಿಥಿಗಳೆಲ್ಲರೂ ಕೆಲಸಗಾರರೇ.

ಒಂದು ಮನೆಗಾಗಿ ಇಷ್ಟನ್ನು ಮಾಡಬಹುದಾದರೆ ಹತ್ತು ಮನೆಗಳಿಗೆ ಏಕೆ ಮಾಡಬಾರದು? ಈ ಯೋಚನೆಯಿಂದ 1861ರ ಏಪ್ರಿಲಿನಲ್ಲಿ ಮಾರಿಸ್, ಮಾರ್ಷಲ್, ಫಾಕ್ನರ್ ಅಂಡ್ ಕಂಪನಿ ಎಂಬ ಸಂಸ್ಥೆ ಹುಟ್ಟಿತು. ಮಾರಿಸ್, ವೆಬ್, ಬರ್ನ್-ಜೋನ್ಸ್, ರೊಸೆಟ್ಟಿ, ಫಾಕ್ನರ್, ಫೋರ್ಡ್ ಮ್ಯಾಡಕ್ಸ್ ಬ್ರೌನ್, ಪೀಟರ್ ಪಾಲ್ ಮಾರ್ಷಲ್, ಹೀಗೆ ಏಳು ಮಂದಿ ಪಾಲುಗಾರರು. 1862ರ ಲಂಡನ್ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಅವರ ಕೆಲಸಕ್ಕೆ ಪದಕಗಳು ಬಂದವು. ಅದೇ ವರ್ಷ ಮಾರಿಸ್ ತನ್ನ ತೋಟದ ಗುಲಾಬಿ ಹಂದರವನ್ನೇ ಕಣ್ಣಮುಂದಿರಿಸಿಕೊಂಡು, ಗೋಡೆಗೆ ಅಂಟಿಸುವ ಕಾಗದಕ್ಕೆ ಒಂದು ವಿನ್ಯಾಸ ಬರೆದನು. ಹಕ್ಕಿಗಳನ್ನು ಬರೆಯುವುದರಲ್ಲಿ ತನ್ನ ಕೈ ಸಾಲದೆಂದು ಅವುಗಳನ್ನು ವೆಬ್ಬನಿಂದ ಬರೆಯಿಸಿದನು. ಮುಂದೆ ಜಗತ್ಪ್ರಸಿದ್ಧವಾದ ಮಾರಿಸನ ವಿನ್ಯಾಸಗಳ ಪರಂಪರೆಗೆ ನಾಂದಿಯಾದುದು ಹಿತ್ತಲಿನ ಆ ಹಂದರ.

ಸೇಬಿನ ಯುದ್ಧ

ಶನಿವಾರ ಬಂದಿತೆಂದರೆ ಮನೆ ತುಂಬ ನೆಂಟರಿಷ್ಟರು. ಮೂರು ಮೈಲಿ ದೂರದ ಆಬಿವುಡ್ ರೈಲ್ವೆ ನಿಲ್ದಾಣಕ್ಕೆ ಅವರನ್ನು ಕರೆತರಲು ಮಾರಿಸನ ಬಂಡಿ ಹೋಗುತ್ತಿತ್ತು. ಹಳೆಯ ಕಾಲದ ಮಾದರಿಯಲ್ಲಿ ಮೇಲುಹೊದಿಕೆ, ಪರದೆಗಳನ್ನು ಹಾಕಿ ಸಿಂಗರಿಸಿದ್ದ ಆ ಬಂಡಿಯನ್ನು ಕಂಡು ಹಳ್ಳಿಯವರು, ಊರಿಗೆ ಯಾವುದೋ ಆಟದ ಕಂಪನಿ ಬರುತ್ತಿದೆಯೆಂದು ಭ್ರಮಿಸಿದ್ದುಂಟು.

ಆ ದಿನಗಳ ಉಲ್ಲಾಸವನ್ನು ಜಾರ್ಜಿಯಾನಾ ತನ್ನ ಪತಿಯ ಜೀವನಚರಿತ್ರೆಯಲ್ಲಿ ನೆನೆದಿದ್ದಾಳೆ. 1904ರಲ್ಲಿ ಪ್ರಕಟವಾದ ಆ ಗ್ರಂಥದಲ್ಲಿ ಬರುವ ಪ್ರಸಂಗವಿದು. ಒಮ್ಮೆ ಫಾಕ್ನರನು ತೋಟದಲ್ಲಿ ಉದುರಿದ ಸೇಬುಗಳನ್ನೆಲ್ಲ ವಾದ್ಯಗಾರರ ಅಟ್ಟದಲ್ಲಿ ಕೂಡಿಹಾಕಿಕೊಂಡು, ಮೇಲೇರಿ ಬಂದವರ ಮೇಲೆಲ್ಲ ಎಸೆದು ತನ್ನ ಕೋಟೆಯನ್ನು ಕಾದುಕೊಳ್ಳುತ್ತಿದ್ದನು. ಗುರಿತಪ್ಪದ ಒಂದು ಸೇಬು ಮಾರಿಸನ ಕಣ್ಣಿಗೇ ಬಡಿದು ಕಣ್ಣು ಕಪ್ಪಿಟ್ಟಿತು. ಎರಡೇ ದಿನಗಳಲ್ಲಿ ತಂಗಿಯ ಮದುವೆ. ಧಾರೆಯೆರೆದು ಕೊಡಬೇಕಾದವನು ಮಾರಿಸನೇ! ಅಂದಿನ ಯುದ್ಧ ಅಲ್ಲಿಗೆ ನಿಂತಿತೆಂದು ಬೇರೆ ಹೇಳಬೇಕಾಗಿಲ್ಲ.

1861ರ ಜನವರಿಯಲ್ಲಿ ಜೆನ್ನಿ, 1862ರ ಮಾರ್ಚಿಯಲ್ಲಿ ಮೇ, ಮಾರಿಸ್ ದಂಪತಿಗಳ ಇಬ್ಬರು ಹೆಣ್ಣುಮಕ್ಕಳೂ ಈ ಮನೆಯಲ್ಲಿಯೇ ಜನಿಸಿದರು. ಇದು ಮನೆ ಎನ್ನುವುದಕ್ಕಿಂತ ಕವನವೆನ್ನುವುದೇ ಮೇಲೆಂದು ರೊಸೆಟ್ಟಿ ಆ ಕಾಲದಲ್ಲಿ ಒಂದು ಪತ್ರದಲ್ಲಿ ಬರೆದನು.

ಐದೇ ವರ್ಷ

ಆದರೆ ಕವನದಲ್ಲಿ ವಾಸಿಸುವುದು ಸುಲಭವಲ್ಲ. ಮನೆಯ ಮುಖ್ಯ ಕೋಣೆಗಳು ಉತ್ತರಕ್ಕೆ ಮುಖ ಮಾಡಿದ್ದವು. ಬಿಸಿಲಿಗೆ ಅಂಜುವ ನಾಡಿನಲ್ಲಿ ಅದು ಸುಖ. ಚಳಿಗಾಲದ ಇಂಗ್ಲೆಂಡಿನಲ್ಲಿ ಅದು ಕಷ್ಟ. ಎಷ್ಟು ಬೆಂಕಿ ಹಾಕಿದರೂ ಆ ಕೋಣೆಗಳ ಚಳಿ ಬಿಡುತ್ತಿರಲಿಲ್ಲ. ಕಂಪನಿಯ ಕೆಲಸಕ್ಕೆಂದು ಮಾರಿಸನು ಬಂಡಿಯಲ್ಲಿ ನಿಲ್ದಾಣಕ್ಕೂ, ರೈಲಿನಲ್ಲಿ ಲಂಡನ್ನಿಗೂ ಹೋಗಿ ಬರಬೇಕಾಗಿತ್ತು. ತಾಮ್ರದ ಗಣಿಯ ವರಮಾನವೂ ಇಳಿಮುಖವಾಗುತ್ತ ಬಂದಿತು. 1862ರ ಫೆಬ್ರವರಿಯಲ್ಲಿ ಎಲಿಜಬೆತ್ ಸಿಡಾಲಳು ತೀರಿಕೊಂಡಳು. ಗೆಳೆಯರ ಬಳಗದ ಮೇಲೆ ಬಿದ್ದ ಮೊದಲ ನೆರಳು ಅದು.

ಆದರೂ ಮಾರಿಸ್ ಕನಸು ಬಿಡಲಿಲ್ಲ. ಕಾರ್ಖಾನೆಯನ್ನೇ ಇಲ್ಲಿಗೆ ತರುವುದು. ಮನೆಗೆ ಇನ್ನೆರಡು ತೋಳುಗಳನ್ನು ಸೇರಿಸಿ ಚೌಕಮನೆ ಮಾಡುವುದು. ಹೊಸ ಭಾಗದಲ್ಲಿ ಬರ್ನ್-ಜೋನ್ಸನ ಸಂಸಾರ, ಹಳೆಯದರಲ್ಲಿ ತನ್ನ ಸಂಸಾರ, ನಡುವೆ ಒಂದೇ ಅಂಗಳ, ಒಂದೇ ಬಾವಿ. 1864ರಲ್ಲಿ ವೆಬ್ ನಕ್ಷೆಯನ್ನೂ ಸಿದ್ಧಪಡಿಸಿದನು. ಅದೇ ವರ್ಷ ಜಾರ್ಜಿಯಾನಾಳಿಗೆ ವಿಷಮವಾದ ಜ್ವರ ತಗುಲಿತು. ಆಕೆ ಉಳಿದಳು; ಹುಟ್ಟಿದ ಎಳೆಗೂಸು ಉಳಿಯಲಿಲ್ಲ. ನೊಂದ ಬರ್ನ್-ಜೋನ್ಸ್ ತಾನು ಬರಲಾರೆನೆಂದು ಬರೆದನು. ಸಂಧಿವಾತದ ಜ್ವರದಿಂದ ಹಾಸಿಗೆ ಹಿಡಿದಿದ್ದ ಮಾರಿಸನು ಆ ಪತ್ರವನ್ನೋದಿ ಅತ್ತನು. ಅತ್ತೆನೆಂದು ಮರೆಮಾಚದೆ ಗೆಳೆಯನಿಗೆ ಬರೆದನು.

1865ರಲ್ಲಿ ಮಾರಿಸನ ಸಂಸಾರ ಲಂಡನ್ನಿನ ಕ್ವೀನ್ ಸ್ಕ್ವೇರಿಗೆ ಹೊರಟಿತು. ಅಲ್ಲಿ ಕೆಳಗೆ ಕಂಪನಿಯ ಕೆಲಸ, ಮೇಲೆ ವಾಸ. ಕೆಂಪು ಮನೆ ಮಾರಾಟವಾಯಿತು. ಸಾಗಿಸಲಾರದಷ್ಟು ದೊಡ್ಡವಾಗಿದ್ದ ಮರದ ಸಾಮಾನುಗಳು ಅಲ್ಲಿಯೇ ಉಳಿದವು. ಗೋಡೆಯ ಚಿತ್ರಗಳಂತೂ ಗೋಡೆಯವೇ. ಮಾರಿಸನು ಮುಂದೆ ಮೂವತ್ತೊಂದು ವರ್ಷ ಬದುಕಿದನು. ಆದರೆ ಆ ಮನೆಯನ್ನು ಮತ್ತೆ ನೋಡಲಿಲ್ಲ. ನೋಡಿದರೆ ಮನಸ್ಸು ತಡೆಯದೆಂಬುದೇ ಆತನು ಕೊಟ್ಟ ಕಾರಣ.

ಬಿಟ್ಟುಹೋದ ಮೇಲೆ

ಒಡೆಯನು ಮರಳಿ ಬಾರದಿದ್ದರೂ ಮನೆಯ ಕೀರ್ತಿ ದೂರ ದೂರಕ್ಕೆ ಹಬ್ಬಿತು. ಲಂಡನ್ನಿನ ಜರ್ಮನ್ ರಾಯಭಾರ ಕಛೇರಿಯಲ್ಲಿದ್ದ ಹರ್ಮನ್ ಮುಥೇಸಿಯಸ್ ಎಂಬ ವಾಸ್ತುಶಿಲ್ಪಿಯು ಇಂಗ್ಲಿಷ್ ಮನೆಗಳನ್ನು ಕುರಿತು 1904-05ರಲ್ಲಿ ಮೂರು ಸಂಪುಟಗಳ ಗ್ರಂಥವನ್ನು ಪ್ರಕಟಿಸಿದನು. ಹೊರಗನ್ನೂ ಒಳಗನ್ನೂ ಒಂದೇ ಅಖಂಡ ವಸ್ತುವಾಗಿ ಭಾವಿಸಿ ಕಟ್ಟಿದ, ಹೊಸ ಕಲಾಸಂಸ್ಕೃತಿಯ ಮೊದಲ ಮನೆ ಇದೆಂದು ಆತನು ಹೊಗಳಿದನು. ಈ ಹೊಗಳಿಕೆಯಲ್ಲಿ ಸ್ವಲ್ಪ ಉತ್ಪ್ರೇಕ್ಷೆಯೂ ಉಂಟು. ವೆಬ್ಬನ ಗುರುವಾದ ಸ್ಟ್ರೀಟ್ ಮತ್ತು ವಿಲಿಯಂ ಬಟರ್‌ಫೀಲ್ಡ್ ಎಂಬ ಇನ್ನೊಬ್ಬ ವಾಸ್ತುಶಿಲ್ಪಿ ಇದಕ್ಕೆ ಮೊದಲೇ ಹಳ್ಳಿಯ ಪಾದ್ರಿಗಳಿಗೆ ಇಂತಹ ಸರಳವಾದ ಇಟ್ಟಿಗೆಯ ಮನೆಗಳನ್ನು ಕಟ್ಟಿಕೊಟ್ಟಿದ್ದರು. ವೆಬ್ ಆ ಮಾರ್ಗದಲ್ಲಿಯೇ ನಡೆದನು. ಆದರೆ ಮನೆಯ ಗೋಡೆಯಿಂದ ಮೇಣದಬತ್ತಿಯ ಕಂಬದವರೆಗೆ ಎಲ್ಲವೂ ಒಂದೇ ಮನಸ್ಸಿನಿಂದ ಬರಬೇಕೆಂಬುದು, ಅದಕ್ಕಾಗಿ ಗೆಳೆಯರ ಒಂದು ಬಳಗವೇ ಉಳಿ, ಸೂಜಿ, ಕುಂಚಗಳನ್ನು ಹಿಡಿದುದು ಇಲ್ಲಿಯ ವಿಶೇಷ.

ಕೈಕೆಲಸಕ್ಕೆ ಮರ್ಯಾದೆ ತಂದುಕೊಟ್ಟ ಕಲಾ ಚಳವಳಿಯೊಂದು ಮುಂದೆ ಇಂಗ್ಲೆಂಡಿನಲ್ಲಿ ಬೆಳೆಯಿತು. ಅದರ ಅಲೆ ಭಾರತದ ಕಡೆಗೂ ಬಂದು ತಾಗಿತು. ನಮ್ಮ ಶಿಲ್ಪಕಲೆಯ ಹಿರಿಮೆಯನ್ನು ಲೋಕಕ್ಕೆ ಸಾರಿದ ಆನಂದ ಕುಮಾರಸ್ವಾಮಿಯವರು ಮಾರಿಸನ ವಿಚಾರಗಳಿಂದ ಪ್ರಭಾವಿತರಾದವರು. ಸಿಂಹಳದ ಮಧ್ಯಯುಗೀನ ಕಲೆಯನ್ನು ಕುರಿತ ಅವರ ಗ್ರಂಥವು 1908ರಲ್ಲಿ ಅಚ್ಚಾದದ್ದು, ಒಮ್ಮೆ ಮಾರಿಸನ ಮುದ್ರಣಾಲಯದಲ್ಲಿದ್ದ ಕೈಯಂತ್ರದ ಮೇಲೆ. 1877ರಲ್ಲಿ ಮಾರಿಸನೂ ವೆಬ್ಬನೂ ಕೂಡಿ ಪ್ರಾಚೀನ ಕಟ್ಟಡಗಳ ರಕ್ಷಣೆಗಾಗಿ ಒಂದು ಸಂಘವನ್ನು ಕಟ್ಟಿದರು. ಹಳೆಯ ಕಟ್ಟಡಕ್ಕೆ ಹೊಸ ವೇಷ ತೊಡಿಸಿ ಕೆಡಿಸಬೇಡಿ, ಸಕಾಲದಲ್ಲಿ ದುರಸ್ತಿ ಮಾಡಿ ಉಳಿಸಿಕೊಳ್ಳಿ ಎಂಬುದು ಅದರ ಬೋಧೆ. ಆ ಸಂಘ ಇಂದಿಗೂ ಕೆಲಸ ಮಾಡುತ್ತಿದೆ. ಮಾರಿಸ್ 1896ರಲ್ಲಿ ತೀರಿಕೊಂಡನು, ವೆಬ್ 1915ರಲ್ಲಿ.

ಮನೆ ಕೈಯಿಂದ ಕೈಗೆ ಹೋಯಿತು. ಸುತ್ತಣ ತೋಟಗಳು ಬಡಾವಣೆಗಳಾದವು. 1952ರಲ್ಲಿ ಎಡ್ವರ್ಡ್ ಹಾಲಂಬಿ ಎಂಬ ವಾಸ್ತುಶಿಲ್ಪಿಯು ಇನ್ನೊಂದು ಕುಟುಂಬದೊಡನೆ ಕೂಡಿ ಇದನ್ನು ಕೊಂಡರು. ಎರಡು ಸಂಸಾರಗಳು ಈ ಮನೆಯಲ್ಲಿ ಕೂಡಿ ಬಾಳಬೇಕೆಂಬ ಮಾರಿಸನ ಬಯಕೆ ಹೀಗೆ ಎಂಬತ್ತೆಂಟು ವರ್ಷಗಳ ಮೇಲೆ ಬೇರೆಯವರ ಪಾಲಿಗೆ ಕೈಗೂಡಿತು. ಹಾಲಂಬಿಯವರು ಹಲವು ವರ್ಷ ದುಡಿದು ಮನೆಯನ್ನು ರಿಪೇರಿ ಮಾಡಿ, 1999ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಇದ್ದರು. 2003ರಲ್ಲಿ ಚಾರಿತ್ರಿಕ ಸ್ಥಳಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯು ಮನೆಯನ್ನು ಪಡೆದು, ಜನರ ವೀಕ್ಷಣೆಗೆ ತೆರೆಯಿತು.

ಕಪಾಟಿನ ಹಿಂದಿನ ಗೋಡೆ

ಮಾರಿಸ್ ದಂಪತಿಗಳ ಮಲಗುವ ಕೋಣೆಯಲ್ಲಿ ದೊಡ್ಡದೊಂದು ಕಪಾಟಿನ ಹಿಂದೆ ಮಸುಕು ಮಸುಕಾದ ಒಂದೆರಡು ಆಕೃತಿಗಳಿರುವುದು ಮೊದಲಿನಿಂದ ತಿಳಿದಿತ್ತು. ಮೇಲಿನ ಪದರಗಳನ್ನು ತಜ್ಞರು ಜಾಗರೂಕತೆಯಿಂದ ತೆಗೆಯುತ್ತ ಬಂದಾಗ, 2013ರಲ್ಲಿ ಇಡೀ ಗೋಡೆಯೇ ಮಾತಾಡಿತು. ಆದಮ್ ಮತ್ತು ಈವ್, ನೋವಾ, ರೇಚಲ್, ಜೇಕಬ್: ಬೈಬಲಿನ ಐದು ಆಕೃತಿಗಳು ಬಹುಮಟ್ಟಿಗೆ ಆಳೆತ್ತರದಲ್ಲಿ ಸಾಲಾಗಿ ನಿಂತಿದ್ದವು. ಗೋಡೆಗೆ ಬಟ್ಟೆಯ ಪರದೆಯೊಂದನ್ನು ತೂಗಿಬಿಟ್ಟಿದ್ದಾರೋ ಎಂಬಂತೆ ಚಿತ್ರವನ್ನು ಬರೆದಿದ್ದರು. ಐದೂ ಒಂದೇ ಕೈಯ ಕೆಲಸವಲ್ಲ. ಮಾರಿಸ್, ಬರ್ನ್-ಜ಼ೋನ್ಸ್, ರೊಸೆಟ್ಟಿ, ಎಲಿಜಬೆತ್ ಸಿಡಾಲ್, ಮ್ಯಾಡಕ್ಸ್ ಬ್ರೌನ್, ಇವರೆಲ್ಲ ಅದರಲ್ಲಿ ಕೈಗೂಡಿಸಿರಬೇಕೆಂದು ತಜ್ಞರು ಊಹಿಸಿದ್ದಾರೆ. ಒಂದೂವರೆ ಶತಮಾನದ ಹಿಂದೆ ಶನಿವಾರ, ಭಾನುವಾರಗಳಲ್ಲಿ ನಕ್ಕು ನಲಿದು ಬರೆದ ಆ ಚಿತ್ರವನ್ನು ಯಾರೂ ಪೂರ್ತಿ ಮಾಡಲಿಲ್ಲ.

ತೋಟದ ಕಡೆಯ ಓಣಿಯ ಕಿಟಕಿಗಳಿಗೆ ವೆಬ್ ಬರೆದ ಹಕ್ಕಿಗಳ ಗಾಜುಗಳಿವೆ. ಅವುಗಳ ನಡುನಡುವೆ ಮಾರಿಸ್ ತನಗಾಗಿ ಆರಿಸಿಕೊಂಡಿದ್ದ ಫ್ರೆಂಚ್ ಧ್ಯೇಯವಾಕ್ಯ ಮತ್ತೆ ಮತ್ತೆ ಕಾಣಿಸುತ್ತದೆ. ಮೂರೇ ಪದಗಳ ಆ ವಾಕ್ಯದ ಅರ್ಥ, “ನನ್ನಿಂದಾದರೆ” ಎಂದು. ಮಧ್ಯಾಹ್ನದ ಬಿಸಿಲು ಆ ಗಾಜುಗಳನ್ನು ಹಾಯ್ದು ಒಳಗೆ ಬೀಳುತ್ತದೆ. ಹೊರಗೆ ಬಾವಿಯ ಚೂಪು ಮಾಡಿನ ಹಿಂದೆ ಕೆಂಪು ಗೋಡೆ, ಕಟ್ಟಿದ ದಿನದಂತೆಯೇ ಸುಣ್ಣವಿಲ್ಲದೆ, ನಿಂತಿದೆ.